ಪತ್ರ ನಮ್ಮದು, ಪೆಟ್ಟಿಗೆ ಯಾರದು?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾರ್ಯದರ್ಶಿಗಳು ನನ್ನನ್ನು "ಮಾಹಿತಿ ತಂತ್ರಜ್ಞಾನ ಮತ್ತು ಯುವಜನತೆ" ಎಂಬ ವಿಷಯ ಕುರಿತು ಮಾತನಾಡಬೇಕೆಂದು ಕೇಳಿಕೊಂಡಿದ್ದರು. ಅಷ್ಟು ದೊಡ್ಡ ವಿಷಯ ನನ್ನ ಕೈಗೆ ನಿಲುಕುವಂಥದ್ದಲ್ಲ. ನಾನು ಗುಬ್ಬಿಯ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದು ಬದುಕು ಸಾಗಿಸಿದವನು. ಆದ್ದರಿಂದ ಅದರೊಳಗಿನ ಒಂದು ಚಿಕ್ಕ ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ಇ-ಮೇಲ್. ಕೆಲವರು ಇದನ್ನು ಮಿಂಚಂಚೆ ಎಂದು ಕರೆದರು, ಕೆಲವರು ವಿ-ಅಂಚೆ ಎಂದರು. ಹೆಸರುಗಳು ಚೆನ್ನಾಗಿಯೇ ಇವೆ. ಆದರೆ ನಮ್ಮ ಬಿ.ಎಚ್. ರಸ್ತೆಯಲ್ಲಿ ಯಾರನ್ನು ಕೇಳಿದರೂ "ಮೇಲ್ ಐಡಿ" ಎಂದೇ ಹೇಳುವುದರಿಂದ ನಾನೂ ಮೇಲ್ ಎಂದೇ ಹೇಳುತ್ತೇನೆ.

ಮೇಲ್ ಓದುವುದಕ್ಕೆ ಎರಡು ದಾರಿಗಳಿವೆ. ಒಂದು, ಜಾಲತಾಣಕ್ಕೆ ಹೋಗಿ ಅಲ್ಲಿಯೇ ಓದುವುದು. ಇದಕ್ಕೆ ವೆಬ್‌ಮೇಲ್ ಎಂದು ಹೆಸರು. ಇನ್ನೊಂದು, ನಮ್ಮ ಗಣಕಯಂತ್ರದಲ್ಲಿ ಒಂದು ತಂತ್ರಾಂಶ ಹಾಕಿಕೊಂಡು, ಪತ್ರಗಳನ್ನು ಅದರೊಳಕ್ಕೆ ತರಿಸಿಕೊಂಡು ಓದುವುದು. ಇವೆರಡರಲ್ಲಿ ಮನೆಗೆ ಯಾವುದು ಸರಿ, ಕಚೇರಿಗೆ ಯಾವುದು ಸರಿ ಎಂಬುದೇ ಇಂದಿನ ಮಾತು. ಇದರಲ್ಲಿ ಹೇಳುವುದೇನಿದೆ, ಎಲ್ಲರ ಫೋನಿನಲ್ಲೂ ಇದೆಯಲ್ಲ ಎಂದು ನೀವು ಅಂದುಕೊಳ್ಳಬಹುದು. ನಾನು ಕಣ್ಣಾರೆ ಕಂಡ ಎರಡು ಸಂಗತಿಗಳನ್ನು ಮೊದಲು ಕೇಳಿ.

ಕುಣಿಗಲ್ ಕಡೆಯ ಒಬ್ಬ ಹುಡುಗಿ, ಡಿಪ್ಲೊಮಾ ಮುಗಿಸಿದವಳು, ತನ್ನ ಅಮ್ಮಿಯನ್ನು ಕರೆದುಕೊಂಡು ಒಂದು ದಿನ ನನ್ನ ಮನೆಗೆ ಬಂದಳು. "ಚಾಚಾ, ನನ್ನ ಮೇಲ್ ತೆಗೆಸಿಕೊಡಿ" ಎಂದಳು. ಪಾಸ್‌ವರ್ಡ್ ಏನಮ್ಮ ಎಂದರೆ ಗೊತ್ತಿಲ್ಲ. ಎಸ್.ಎಸ್.ಎಲ್.ಸಿ. ಆದಮೇಲೆ ಅರ್ಜಿ ಹಾಕಲು ಹೋದಾಗ ಸೈಬರ್ ಸೆಂಟರಿನವರು ತಾವೇ ಒಂದು ಐಡಿ ಮಾಡಿ, ಪಾಸ್‌ವರ್ಡನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರಂತೆ. ಗುರುತಿಗೆ ಕೊಟ್ಟಿದ್ದ ಫೋನ್ ನಂಬರೂ ಆ ಸೆಂಟರಿನದ್ದೇ. ಸೆಂಟರ್ ಮುಚ್ಚಿ ಎರಡು ವರ್ಷವಾಗಿತ್ತು. ವಸಂತನರಸಾಪುರದ ಒಂದು ಕಾರ್ಖಾನೆಗೆ ಅವಳು ಅರ್ಜಿ ಹಾಕಿದ್ದಳು, ಅರ್ಜಿಯಲ್ಲಿ ಆ ಐಡಿಯನ್ನೇ ಬರೆದಿದ್ದಳು. ಜೊತೆಯವಳಿಗೆ ಸಂದರ್ಶನದ ಪತ್ರ ಬಂದಿದೆ, ಇವಳಿಗೂ ಬಂದಿರಬೇಕು, ಆದರೆ ನೋಡುವ ಹಾಗಿಲ್ಲ. ಆ ಸಂಜೆ ಎರಡು ಗಂಟೆ ನಾನೂ ಅವಳೂ ತಿಣುಕಿದೆವು. ಯಂತ್ರ ಕೇಳಿದ ಯಾವ ಪ್ರಶ್ನೆಗೂ ನಮ್ಮಲ್ಲಿ ಉತ್ತರವಿರಲಿಲ್ಲ. ಜೊತೆಯವಳ ಪತ್ರದಲ್ಲಿದ್ದ ದೂರವಾಣಿಗೆ ಮರುದಿನ ಕರೆ ಮಾಡಿದರೆ, ಸಂದರ್ಶನ ಅದರ ಹಿಂದಿನ ದಿನವೇ ಮುಗಿದಿತ್ತು. ಅವಳು ಆಮೇಲೆ ಬೇರೆ ಕಡೆ ಕೆಲಸಕ್ಕೆ ಸೇರಿದಳು, ಆ ಮಾತು ಬೇರೆ. ಆದರೆ ಅಂದು ಅವಳ ಅಮ್ಮಿ ನಮ್ಮ ಬಾಗಿಲಲ್ಲಿ ನಿಂತು "ಓದಿಸಿದ್ದೂ ಹೀಗೆ ಹೋಯಿತಲ್ಲಾ" ಎಂದದ್ದು ನನಗೆ ಮರೆಯದು.

ಎರಡನೆಯ ಸಂಗತಿಯಲ್ಲಿ ತಪ್ಪಿತಸ್ಥ ನಾನೇ. ನಾನು ಕೆಲಸ ಮಾಡುತ್ತಿದ್ದ ಮಂಡಿಗೆ 2003ರಲ್ಲಿ ಇಂಟರ್‌ನೆಟ್ ಬಂತು. ದೂರವಾಣಿ ತಂತಿಗೆ ಮೋಡೆಮ್ ಸಿಕ್ಕಿಸಿ, ಅದು ಕಿರ್ ಎಂದು ಕೂಗಿ ಸಂಪರ್ಕ ಸಿಕ್ಕರೆ ನಮಗೆ ಹಬ್ಬ. ವಿಂಡೋಸ್ ಜೊತೆಯಲ್ಲೇ ಬರುತ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಪತ್ರಗಳನ್ನು ತರಿಸಿಕೊಳ್ಳುತ್ತಿದ್ದೆವು. ಉತ್ತರ ಭಾರತದ ವ್ಯಾಪಾರಿಗಳ ದರ ವಿಚಾರಣೆ, ಲಾರಿ ವಿವರ, ಮಾದರಿ ಒಪ್ಪಿದ ಪತ್ರ, ಎಲ್ಲವೂ ಅದರಲ್ಲೇ. 2010ರಲ್ಲಿ ಒಂದು ಬೆಳಿಗ್ಗೆ ಯಂತ್ರ ಟಕ್ ಟಕ್ ಎಂದು ಸದ್ದು ಮಾಡಿ ನಿಂತುಹೋಯಿತು. ಹಾರ್ಡ್ ಡಿಸ್ಕ್ ಕೆಟ್ಟಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಯ್ದೆ. ಒಳಗಿನ ತಟ್ಟೆಯೇ ಗೀರಿಹೋಗಿದೆ, ಏನೂ ಸಿಗದು ಎಂದರು. ಅದೇ ತಿಂಗಳು ಒಬ್ಬ ವ್ಯಾಪಾರಿ, ಮಾಲು ಮಾದರಿಯಂತಿಲ್ಲ ಎಂದು ಒಂದು ಲಾರಿ ಲೋಡಿನ ಹಣದಲ್ಲಿ ಕಡಿತ ಮಾಡಿದ. ಮಾದರಿ ಒಪ್ಪಿಗೆ ಎಂದು ಅವನೇ ಬರೆದ ಮೇಲ್ ನಮ್ಮಲ್ಲಿತ್ತು, ಆ ಡಿಸ್ಕಿನಲ್ಲಿ. ಯಜಮಾನರು ಬೈಯಲಿಲ್ಲ. "ಸಾಹೇಬ್ರೇ, ಏಳು ವರ್ಷದ ಕಾಗದ ಒಂದೇ ಪೆಟ್ಟಿಗೇಲಿ ಇಟ್ಟಿದ್ರಾ?" ಎಂದು ಕೇಳಿದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ನೋಡಿ, ಹುಡುಗಿಯ ಪತ್ರ ಎಲ್ಲಿಯೂ ಹೋಗಿರಲಿಲ್ಲ, ಭದ್ರವಾಗಿಯೇ ಇತ್ತು. ಆದರೆ ಕೀಲಿಕೈ ಇನ್ನೊಬ್ಬರ ಬಳಿ. ನಮ್ಮ ಮಂಡಿಯ ಪೆಟ್ಟಿಗೆ ನಮ್ಮದೇ, ಕೀಲಿಕೈಯೂ ನಮ್ಮದೇ. ಆದರೆ ಇದ್ದದ್ದು ಒಂದೇ ಪ್ರತಿ.

ನಮ್ಮ ಯಂತ್ರ ಕೆಟ್ಟರೆ ಪತ್ರವೇಕೆ ಹೋಗಬೇಕು, ಕಂಪನಿಯವರ ಸರ್ವರಿನಲ್ಲಿ ಇರಬೇಡವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಅಂದಿನ ಕ್ರಮ ಹಾಗಿರಲಿಲ್ಲ. ಪಿ.ಒ.ಪಿ. ಎಂಬ ಪದ್ಧತಿಯಲ್ಲಿ, ಅಂಚೆ ಕಚೇರಿಗೆ ಹೋಗಿ ಕಾಗದ ಮನೆಗೆ ತಂದ ಹಾಗೆ, ಪತ್ರವನ್ನು ಇಳಿಸಿಕೊಂಡ ಮೇಲೆ ಸರ್ವರಿನ ಪ್ರತಿ ಅಳಿಸಿಹೋಗುತ್ತಿತ್ತು. "ಸರ್ವರಿನಲ್ಲಿ ಒಂದು ಪ್ರತಿ ಬಿಡು" ಎಂಬ ಸಣ್ಣ ಚೌಕ ತಂತ್ರಾಂಶದ ಒಳಪುಟದಲ್ಲಿ ಇತ್ತು. ಅದಕ್ಕೆ ಗುರುತು ಹಾಕಬೇಕೆಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಹಾಕುತ್ತಿರಲಿಲ್ಲವೇನೋ, ಏಕೆಂದರೆ ಸರ್ವರಿನಲ್ಲಿ ಜಾಗವೇ ಇರುತ್ತಿರಲಿಲ್ಲ. 2004ರ ಆರಂಭದಲ್ಲಿ ಹಾಟ್‌ಮೇಲ್ ಉಚಿತವಾಗಿ ಕೊಡುತ್ತಿದ್ದದ್ದು 2 ಎಂ.ಬಿ., ಯಾಹೂ 4 ಎಂ.ಬಿ. ಇಂದು ನಿಮ್ಮ ಫೋನಿನ ಒಂದು ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ.

ಎರಡನೆಯ ಪದ್ಧತಿ ಐ.ಎಂ.ಎ.ಪಿ. ಇದರಲ್ಲಿ ಪತ್ರ ಅಂಚೆ ಕಚೇರಿಯಲ್ಲೇ ಇರುತ್ತದೆ, ನಿಮ್ಮ ಯಂತ್ರದಲ್ಲಿ ಅದರ ಪ್ರತಿಬಿಂಬ ಕಾಣುತ್ತದೆ. ಫೋನಿನಲ್ಲಿ ಓದಿದರೆ ಕಚೇರಿಯ ಯಂತ್ರದಲ್ಲೂ ಓದಿದೆ ಎಂದು ತೋರಿಸುತ್ತದೆ. ಇದು ಹೊಸದೇನಲ್ಲ, 1986ರಷ್ಟು ಹಳೆಯದು. ಆದರೆ ಸದಾ ಸಂಪರ್ಕವಿರಬೇಕು, ಸರ್ವರಿನಲ್ಲಿ ಜಾಗವಿರಬೇಕು. ನಮ್ಮ ಊರುಗಳಲ್ಲಿ ಆಗ ಎರಡೂ ಇರಲಿಲ್ಲ.

ಆಗ ಮೋಡೆಮ್ಮಿನ ಮೇಲೆ 56 ಕೆ ಎಂದು ಬರೆದಿರುತ್ತಿತ್ತು. ನಿಜವಾಗಿ ಸಿಗುತ್ತಿದ್ದದ್ದು ಸೆಕೆಂಡಿಗೆ ನಾಲ್ಕು ಕೆ.ಬಿ. ಎಂದು ಇಟ್ಟುಕೊಳ್ಳಿ. 2 ಎಂ.ಬಿ. ಪತ್ರ ಇಳಿಯಲು ಎಂಟೂವರೆ ನಿಮಿಷ. ಅಷ್ಟು ಹೊತ್ತೂ ದೂರವಾಣಿ ಮೀಟರ್ ಓಡುತ್ತಿತ್ತು, ಅಂಗಡಿಗೆ ಬರುವ ಕರೆಗಳು ಬರುತ್ತಿರಲಿಲ್ಲ. ಆದ್ದರಿಂದ ಉತ್ತರಗಳನ್ನೆಲ್ಲ ಮೊದಲೇ ಬರೆದಿಟ್ಟುಕೊಂಡು, ಸಂಪರ್ಕ ಕೊಟ್ಟು, ಕಳಿಸಿ, ಬಂದದ್ದನ್ನು ಇಳಿಸಿಕೊಂಡು, ತಂತಿ ಕಿತ್ತುಬಿಡುವುದು. ವೆಬ್‌ಮೇಲಿನಲ್ಲಿ ಇದು ಸಾಧ್ಯವಿರಲಿಲ್ಲ. ಓದುವಾಗ, ಬರೆಯುವಾಗ, ಯೋಚಿಸುವಾಗಲೂ ಬಿಲ್ಲು ಬೆಳೆಯುತ್ತಿತ್ತು. ಹಾಗಾಗಿ ಕಚೇರಿಗೆ ತಂತ್ರಾಂಶ, ಯಂತ್ರವೇ ಇಲ್ಲದ ವಿದ್ಯಾರ್ಥಿಗೆ ಸೈಬರ್ ಕೆಫೆಯ ವೆಬ್‌ಮೇಲ್ ಎಂದು ತಾನಾಗಿಯೇ ಪಾಲಾಗಿತ್ತು.

ವೆಬ್‌ಮೇಲನ್ನು ಜನಸಾಮಾನ್ಯರ ಕೈಗೆ ಕೊಟ್ಟವರಲ್ಲಿ ಒಬ್ಬರು ನಮ್ಮ ಬೆಂಗಳೂರಿನಲ್ಲಿ ಓದಿದವರು ಎಂಬುದು ನಿಮಗೆ ತಿಳಿದಿರಲಿ. ಸಬೀರ್ ಭಾಟಿಯಾ ಸೇಂಟ್ ಜೋಸೆಫ್ಸ್ ಬಾಲಕರ ಶಾಲೆಯಲ್ಲಿ ಓದಿ, ಪಿಲಾನಿಗೆ ಹೋಗಿ, ಅಲ್ಲಿಂದ ಅಮೆರಿಕಕ್ಕೆ ಹೋದವರು. ಅವರೂ ಅವರ ಸಹೋದ್ಯೋಗಿ ಜ್ಯಾಕ್ ಸ್ಮಿತ್‌ರೂ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಮರುವರ್ಷದ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಯಂತ್ರ ಯಾರದ್ದಾದರೂ ಇರಲಿ, ಪತ್ರ ನಿನ್ನದು ಎಂಬುದೇ ಅದರ ಮೂಲ ವಿಚಾರ. ಸ್ವಂತ ಯಂತ್ರವಿಲ್ಲದ ನಮ್ಮಂಥ ದೇಶದ ಹುಡುಗರಿಗೆ ಅದು ಎಷ್ಟು ದೊಡ್ಡ ಉಪಕಾರವೆಂದು ಈಗ ಅನಿಸುತ್ತದೆ. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿ.ಬಿ. ಕೊಡುತ್ತೇನೆ ಎಂದಾಗ ಏಪ್ರಿಲ್ ಫೂಲ್ ಇರಬೇಕೆಂದು ಎಷ್ಟೋ ಜನ ನಂಬಲಿಲ್ಲ. ಅಂದಿನಿಂದ ತಕ್ಕಡಿ ವೆಬ್‌ಮೇಲಿನ ಕಡೆಗೆ ವಾಲಿತು.

ಇಲ್ಲಿ ನಮ್ಮ ಭಾಷೆಗಳ ಕಷ್ಟವನ್ನೂ ಒಂದು ಮಾತು ಹೇಳಬೇಕು, ಏಕೆಂದರೆ ಅದನ್ನು ಅನುಭವಿಸಿದ ಕೈ ಇದು. ನುಡಿಯಲ್ಲೋ ಬರಹದಲ್ಲೋ ಕನ್ನಡ ಟೈಪ್ ಮಾಡಿ ಮೇಲಿಗೆ ಅಂಟಿಸಿದರೆ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಚುಕ್ಕೆ, ಗೆರೆ, ಯಾವುದೋ ಯುರೋಪಿನ ಅಕ್ಷರಗಳಾಗಿ ಕಾಣುತ್ತಿತ್ತು. ತಂತ್ರಾಂಶದಲ್ಲಾದರೆ ಫಾಂಟ್ ಬದಲಿಸಿ ಹೇಗೋ ಓದಬಹುದಿತ್ತು, ವೆಬ್‌ಮೇಲಿನಲ್ಲಿ ಅದೂ ಇಲ್ಲ. ಉರ್ದುವಿನ ಪಾಡು ಇನ್ನೂ ವಿಚಿತ್ರ. ಸಂಘದ ಉರ್ದು ಸುತ್ತೋಲೆಯನ್ನು ಇನ್‌ಪೇಜ್‌ನಲ್ಲಿ ಟೈಪ್ ಮಾಡಿಸಿ, ಅದನ್ನು ಚಿತ್ರವಾಗಿ ಪರಿವರ್ತಿಸಿ ಕಳಿಸುತ್ತಿದ್ದೆವು. ಅಕ್ಷರಗಳ ಫೋಟೋ ತೆಗೆದು ಕಳಿಸಿದ ಹಾಗೆ. ಅದರಲ್ಲಿ ಒಂದು ತಪ್ಪು ತಿದ್ದಬೇಕಾದರೂ ಮೊದಲಿನಿಂದ ಚಿತ್ರ ಮಾಡಬೇಕು, ಹಳೆಯ ಸುತ್ತೋಲೆಯಲ್ಲಿ ಒಂದು ಹೆಸರು ಹುಡುಕಬೇಕಾದರೆ ಒಂದೊಂದಾಗಿ ತೆರೆದು ಕಣ್ಣಿನಿಂದಲೇ ಹುಡುಕಬೇಕು. ಯೂನಿಕೋಡ್ ಬಂದು ಎರಡೂ ಭಾಷೆಗಳ ಈ ತಾಪತ್ರಯ ಕಳೆಯಿತು. ಆದರೆ ಅಂದಿನ ಸುತ್ತೋಲೆಗಳಲ್ಲಿ ಏನಿತ್ತೆಂದು ಯಂತ್ರಕ್ಕೆ ಇಂದಿಗೂ ಗೊತ್ತಿಲ್ಲ.

ಸರಿ, ಈಗ ಇಂದಿನ ಸ್ಥಿತಿಗೆ ಬರೋಣ.

ವಿದ್ಯಾರ್ಥಿಗಳೇ, ಮನೆಯ ಬಳಕೆಗೆ ನಿಮಗೆ ವೆಬ್‌ಮೇಲ್ ಸಾಕು. ಫೋನಿನ ಆ್ಯಪ್ ಕೂಡ ಹೆಚ್ಚು ಕಡಿಮೆ ಅದೇ. ಫೋನ್ ಕಳೆದುಹೋದರೂ ಪತ್ರ ಉಳಿಯುತ್ತದೆ. ಒಂದೇ ಗಣಕಯಂತ್ರ ಇಡೀ ಮನೆಗೆ ಇರುವಲ್ಲಂತೂ ತಂತ್ರಾಂಶ ಹಾಕಬೇಡಿ ಎಂದೇ ನನ್ನ ಸಲಹೆ. ಅದನ್ನು ತೆರೆದರೆ ಅಣ್ಣನ ಪತ್ರ ತಂಗಿಗೆ, ತಂಗಿಯ ಪತ್ರ ಅಣ್ಣನಿಗೆ ಕಾಣುತ್ತದೆ. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳ ಅರ್ಜಿ, ಫಲಿತಾಂಶ, ಕೆಲಸದ ಪತ್ರ ಮೊದಲು ಅವರ ಕಣ್ಣಿಗೇ ಬೀಳಬೇಕು. ಹಿರಿಯರು ಇದಕ್ಕೆ ಬೇಸರ ಪಟ್ಟುಕೊಳ್ಳಬಾರದು.

ಆದರೆ ವೆಬ್‌ಮೇಲಿನಲ್ಲಿ ಪೆಟ್ಟಿಗೆ ಕಂಪನಿಯದು, ಅದಕ್ಕೆ ಅವರ ಕಟ್ಟಳೆಗಳಿವೆ. ಗೂಗಲ್ ಕೊಡುವ 15 ಜಿ.ಬಿ. ಜಾಗ ಮೇಲಿಗೆ ಮಾತ್ರವಲ್ಲ. ಡ್ರೈವ್ ಮತ್ತು ಫೋಟೋಗಳೂ ಅದರಲ್ಲೇ ಸೇರುತ್ತವೆ, 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಸೇರಿಕೊಂಡಿದೆ. ಅದು ತುಂಬಿದರೆ ಹೊಸ ಪತ್ರ ಒಳಕ್ಕೆ ಬರುವುದಿಲ್ಲ. ಮದುವೆ ವಿಡಿಯೋಗಳು ತುಂಬಿಕೊಂಡು ಸಂದರ್ಶನದ ಪತ್ರ ವಾಪಸ್ಸು ಹೋಗಬಾರದಲ್ಲ, ಆಗಾಗ ನೋಡಿಕೊಳ್ಳಿ. ಎರಡು ವರ್ಷ ಖಾತೆಯನ್ನು ಮುಟ್ಟದೇ ಇದ್ದರೆ ಅದನ್ನು ಅಳಿಸಿಹಾಕುವ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಕೊಲ್ಲಿ ದೇಶಕ್ಕೆ ಹೋಗಿ ಅಲ್ಲಿಯ ಹೊಸ ಐಡಿ ಬಳಸುತ್ತಾ ಊರಿನ ಐಡಿ ಮರೆತಿರುವ ಸಹೋದರರಿಗೆ ಈ ಸಂಗತಿ ತಲುಪಿಸಿ. ಪಾಸ್‌ಪೋರ್ಟ್ ಸೇವಾ ತಾಣದ ಖಾತೆಗೆ ಯಾವ ಐಡಿ ಕೊಟ್ಟಿದ್ದೀರಿ ಎಂಬುದೂ ನೆನಪಿರಲಿ.

ಕುಣಿಗಲ್ಲಿನ ಹುಡುಗಿಗೆ ಆದದ್ದು ನಿಮಗೆ ಆಗದಿರಬೇಕಾದರೆ, ಐಡಿಯನ್ನು ನೀವೇ ಮಾಡಿಕೊಳ್ಳಿ. ಗುರುತಿಗೆ ನಿಮ್ಮ ಅಥವಾ ನಿಮ್ಮ ತಂದೆ ತಾಯಿಯ ನಂಬರ್ ಕೊಡಿ. ಸಿಮ್ ಬದಲಿಸಿದ ದಿನವೇ ಅಲ್ಲಿಯೂ ನಂಬರ್ ಬದಲಿಸಿ. ಸೆಂಟರಿನ ಯಂತ್ರದಲ್ಲಿ ಮೇಲ್ ತೆರೆದರೆ, ಬ್ರೌಸರ್ "ಪಾಸ್‌ವರ್ಡ್ ಉಳಿಸಲೇ" ಎಂದು ಕೇಳಿದಾಗ ಬೇಡ ಎನ್ನಿ, ಏಳುವ ಮುಂಚೆ ಸೈನ್ ಔಟ್ ಮಾಡಿ. ಕಿಟಕಿ ಮುಚ್ಚಿದರೆ ಸಾಲದು. ಸೈಬರ್ ಸೆಂಟರಿನವರನ್ನು ನಾನು ದೂರುತ್ತಿಲ್ಲ. ಸಾಲಿನಲ್ಲಿ ಐವತ್ತು ಜನ ನಿಂತಿರುವಾಗ ಅವರು ಬೇಗ ಆಗುವ ದಾರಿ ಹಿಡಿಯುತ್ತಾರೆ.

ಕಚೇರಿಯ ವಿಷಯ ಬೇರೆ. ಒಂದು ಅಂಗಡಿಗೋ ಶಾಲೆಗೋ ಎರಡು ಮೂರು ವಿಳಾಸಗಳಿರುತ್ತವೆ, ಹತ್ತು ವರ್ಷದ ಪತ್ರ ಹುಡುಕಬೇಕಾಗುತ್ತದೆ, ಸಂಪರ್ಕ ಕಡಿದುಹೋದ ಮಧ್ಯಾಹ್ನದಲ್ಲೂ ಲೆಕ್ಕ ನೋಡಬೇಕಾಗುತ್ತದೆ. ಎಲ್ಲ ವಿಳಾಸಗಳನ್ನೂ ಒಂದೇ ಕಿಟಕಿಯಲ್ಲಿ ತೋರಿಸಿ, ಪತ್ರಗಳ ಪ್ರತಿಯನ್ನು ಯಂತ್ರದಲ್ಲೇ ಇಡುವ ತಂತ್ರಾಂಶ ಇಂಥಲ್ಲಿ ಇವತ್ತಿಗೂ ಮೇಲು. ಮೊಜಿಲ್ಲಾದವರ ಥಂಡರ್‌ಬರ್ಡ್ 2004ರ ಡಿಸೆಂಬರಿನಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡಿತು, ಇಂದಿಗೂ ಉಚಿತ, 2024ರಿಂದ ಆಂಡ್ರಾಯ್ಡ್ ಫೋನಿಗೂ ಬಂದಿದೆ. ನಾನು ಬಳಸುವುದು ಅದನ್ನೇ. ಹಳೆಯ ತಂತ್ರಾಂಶಗಳಲ್ಲಿ ಜಿಮೇಲ್ ತೆರೆಯುತ್ತಿಲ್ಲ ಎಂದು ಕೆಲವರು ನನ್ನ ಬಳಿ ಬರುತ್ತಾರೆ. 2022ರ ಮೇ ತಿಂಗಳಿನಿಂದ ಗೂಗಲ್ ಬರಿಯ ಪಾಸ್‌ವರ್ಡಿಗೆ ಹೊರಗಿನ ತಂತ್ರಾಂಶವನ್ನು ಒಳಗೆ ಬಿಡುವುದನ್ನು ನಿಲ್ಲಿಸಿತು. ಗೂಗಲ್ಲಿನದೇ ಪುಟ ತೆರೆದು ಒಪ್ಪಿಗೆ ಕೊಡಬೇಕು, ಇಲ್ಲವೇ ಆ ತಂತ್ರಾಂಶಕ್ಕೆಂದೇ ಪ್ರತ್ಯೇಕ ಪಾಸ್‌ವರ್ಡ್ ಮಾಡಿಕೊಳ್ಳಬೇಕು.

ತಂತ್ರಾಂಶಗಳಿಗೂ ಆಯುಸ್ಸಿದೆ ಎಂಬುದನ್ನು ವ್ಯಾಪಾರಸ್ಥರು ಮರೆಯಬಾರದು. ಔಟ್‌ಲುಕ್ ಎಕ್ಸ್‌ಪ್ರೆಸ್ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ಹೋಯಿತು. ವಿಂಡೋಸ್ ಲೈವ್ ಮೇಲ್ ಬಂತು, ಹೋಯಿತು. ವಿಂಡೋಸ್ 10ರ ಜೊತೆ ಬಂದ ಮೇಲ್ ಆ್ಯಪಿಗೂ 2024ರ ಡಿಸೆಂಬರ್ 31ಕ್ಕೆ ಬೆಂಬಲ ಮುಗಿಯಿತು. ಅದರ ಜಾಗದಲ್ಲಿ ಬಂದಿರುವ ಹೊಸ ಔಟ್‌ಲುಕ್‌ನಲ್ಲಿ ಒಂದು ವಿಶೇಷವಿದೆ. ನೀವು ಬೇರೆ ಕಂಪನಿಯ ಖಾತೆಯನ್ನು ಅದಕ್ಕೆ ಸೇರಿಸಿದರೆ, ಅದರ ಪತ್ರಗಳ ಪ್ರತಿ ಮೈಕ್ರೋಸಾಫ್ಟಿನ ಸರ್ವರಿಗೂ ಹೋಗುತ್ತದೆ. ಅಂದರೆ, ತಂತ್ರಾಂಶ ನಮ್ಮ ಮೇಜಿನ ಮೇಲಿದೆ ಎಂದ ಮಾತ್ರಕ್ಕೆ ಪತ್ರ ನಮ್ಮ ಮನೆಯಲ್ಲೇ ಇದೆ ಎಂದು ತಿಳಿಯುವ ಕಾಲ ಇದಲ್ಲ. ನನಗೆ ಇದು ಹಿಡಿಸುವುದಿಲ್ಲ. ಹಿಡಿಸುವವರು ಬಳಸಲಿ, ತಿಳಿದು ಬಳಸಲಿ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಐ.ಎಂ.ಎ.ಪಿ. ಇದ್ದರೆ ಎರಡು ಕಡೆ ಪ್ರತಿ ಇದೆ, ಇನ್ನೇನು ಭಯ ಎನ್ನುತ್ತಾರೆ. ಅದು ಪ್ರತಿಬಿಂಬ ಎಂದೆನಲ್ಲ. ಕಚೇರಿಯ ಹುಡುಗ ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಜಿಮೇಲಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಆದ್ದರಿಂದ ಮೂರನೆಯ ಪ್ರತಿ ಬೇಕು. ಥಂಡರ್‌ಬರ್ಡಿನಲ್ಲಿ ಯಂತ್ರದೊಳಗಿನ ಸ್ವಂತ ಕಡತಗಳಿಗೆ ಹಳೆಯ ಪತ್ರಗಳನ್ನು ನಕಲು ಮಾಡಿ, ಆ ಕಡತಗಳನ್ನು ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿಗೆ ಹಾಕಿಕೊಳ್ಳಬಹುದು. ತಂತ್ರಾಂಶ ಬೇಡವೆನ್ನುವವರು ಗೂಗಲ್ ಟೇಕ್‌ಔಟ್ ಎಂಬ ಪುಟದಿಂದ ಇಡೀ ಪೆಟ್ಟಿಗೆಯನ್ನು ಎಂಬಾಕ್ಸ್ ಎಂಬ ರೂಪದಲ್ಲಿ ಇಳಿಸಿಕೊಳ್ಳಬಹುದು. ಆ ರೂಪವನ್ನು ಯಾವ ಒಂದು ಕಂಪನಿಯೂ ಕಟ್ಟಿಹಾಕಿಲ್ಲ, ಬೇರೆ ತಂತ್ರಾಂಶಗಳೂ ಓದುತ್ತವೆ. ನಮ್ಮ ಮಂಡಿಯಲ್ಲಿ ಈಗ ಪ್ರತಿ ತಿಂಗಳ ಕೊನೆಯ ಶನಿವಾರ ಹೀಗೆ ಮಾಡಿ, ಡಿಸ್ಕನ್ನು ಯಜಮಾನರ ಮನೆಯ ಬೀರುವಿನಲ್ಲಿ ಇಡುತ್ತಾರೆ. ಅಂಗಡಿಯಲ್ಲಿ ಇಡುವುದಿಲ್ಲ.

ಕೊನೆಯದಾಗಿ ನಮ್ಮ ಸಂಘದ ಮಾತು. ಅಧ್ಯಕ್ಷರು ಮನ್ನಿಸಬೇಕು. ನಮ್ಮ ಹಳೆಯ ಲೆಟರ್‌ಹೆಡ್‌ಗಳನ್ನು ತೆಗೆದು ನೋಡಿದೆ. ನಾಲ್ಕು ಕಾರ್ಯದರ್ಶಿಗಳ ಕಾಲದಲ್ಲಿ ನಾಲ್ಕು ಮೇಲ್ ವಿಳಾಸಗಳಿವೆ, ನಾಲ್ಕೂ ಅವರವರ ಸ್ವಂತದ್ದು. ಅವರಲ್ಲಿ ಒಬ್ಬರು ಇಂದು ನಮ್ಮೊಂದಿಗಿಲ್ಲ. ವಿದ್ಯಾರ್ಥಿವೇತನಕ್ಕೆಂದು ಹಣ ಕಳಿಸಿದ ದಾನಿಗಳ ಪತ್ರಗಳು, ಯಾವ ಹಣ ಯಾವ ಮಕ್ಕಳಿಗೆ ಎಂಬ ಅವರ ಸೂಚನೆಗಳು ಅವರ ಪೆಟ್ಟಿಗೆಯಲ್ಲೇ ಇದ್ದವು. ಅವರ ಮನೆಯವರಿಗೂ ಪಾಸ್‌ವರ್ಡ್ ತಿಳಿಯದು. ಲೆಕ್ಕಪತ್ರ ಪರಿಶೋಧನೆಯ ಸಮಯದಲ್ಲಿ ನಾವು ದಾನಿಗಳಿಗೇ ಫೋನ್ ಮಾಡಿ, ನೀವು ಏನು ಬರೆದಿದ್ದಿರಿ ಎಂದು ಕೇಳಬೇಕಾಯಿತು. ಅವರು ಸಜ್ಜನರು, ಹೇಳಿದರು.

ಸಂಘಕ್ಕೆ ವ್ಯಕ್ತಿಯ ಹೆಸರಲ್ಲದೆ ಹುದ್ದೆಯ ಹೆಸರಿನ ಒಂದೇ ವಿಳಾಸ ಇರಲಿ ಎಂದು ನಾನು ಸಭೆಯ ಮುಂದೆ ಇಡುತ್ತಿದ್ದೇನೆ. ಅದರ ಗುರುತಿಗೆ ಸಂಘದ ಫೋನ್ ನಂಬರ್ ಇರಲಿ, ಪಾಸ್‌ವರ್ಡ್ ಕಾರ್ಯದರ್ಶಿ ಮತ್ತು ಖಜಾಂಚಿ ಇಬ್ಬರಿಗೂ ತಿಳಿದಿರಲಿ, ಪದಾಧಿಕಾರಿಗಳು ಬದಲಾದ ದಿನ ಅದನ್ನೂ ಬದಲಿಸಲಿ. ಕಚೇರಿಯ ಯಂತ್ರದಲ್ಲಿ ಥಂಡರ್‌ಬರ್ಡ್ ಹಾಕಿ, ಡಿಸ್ಕಿಗೆ ಪ್ರತಿ ಮಾಡುವ ಕೆಲಸವನ್ನು ನಾನೇ ವಹಿಸಿಕೊಳ್ಳುತ್ತೇನೆ. ಸದಸ್ಯರಿಗೆಲ್ಲ ಸುತ್ತೋಲೆ ಕಳಿಸುವಾಗ ಎಲ್ಲರ ವಿಳಾಸವನ್ನೂ ಮೇಲಿನ ಸಾಲಿನಲ್ಲಿ ಹಾಕುವುದನ್ನು ದಯವಿಟ್ಟು ಬಿಡೋಣ, ಬಿ.ಸಿ.ಸಿ. ಎಂಬ ಸಾಲು ಇರುವುದು ಅದಕ್ಕಾಗಿಯೇ. ಕಳೆದ ಸುತ್ತೋಲೆಯಿಂದ ನಮ್ಮ ಸದಸ್ಯೆಯರ ವಿಳಾಸಗಳೂ ಊರೆಲ್ಲ ತಿರುಗಿದವು. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗಿಂತ ಹೆಚ್ಚಿಗೆ ಕಳಿಸಲೂ ಆಗುವುದಿಲ್ಲ.

ನನ್ನ ಸಮಯ ಮುಗಿಯಿತೆಂದು ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಪಕ್ಕದ ಕೊಠಡಿಯಲ್ಲಿ ಎರಡು ಗಣಕಯಂತ್ರಗಳನ್ನು ಇಟ್ಟಿದ್ದೇವೆ. ತಮ್ಮ ಐಡಿಯ ಪಾಸ್‌ವರ್ಡ್ ಬೇರೆಯವರ ಬಳಿ ಇರುವ ವಿದ್ಯಾರ್ಥಿಗಳು, ಅದು ಇನ್ನೂ ತೆರೆಯುತ್ತಿದ್ದರೆ ಇವತ್ತೇ ಬದಲಿಸಿಕೊಂಡು ಹೋಗಬಹುದು. ಫೋನ್ ಕೈಯಲ್ಲಿರಲಿ, ಸಂಖ್ಯೆಯೊಂದು ಅದಕ್ಕೆ ಬರುತ್ತದೆ. ಕುಣಿಗಲ್ಲಿನವರು ಬಸ್ಸಿಗೆ ಹೊರಡಬೇಕಾದ್ದರಿಂದ ಅವರು ಮೊದಲು ಬರಲಿ. ಗುಬ್ಬಿಯವರು ನನ್ನ ಜೊತೆ ಸಂಜೆಯ ರೈಲಿಗೆ ಬಂದರಾಯಿತು.